ಅಕ್ಕನ ಹೆಸರಿನ ಖಾತೆ

ಜುಲೈ ೯, ಬುಧವಾರ. ಊಟ ಸೇರಲಿಲ್ಲ, ಅಷ್ಟು ಹೇಸಿಗೆ.

ಕರಡು ತಿದ್ದುತ್ತಿದ್ದ, ನಾವೆಲ್ಲ ಅಕ್ಕ ಎನ್ನುತ್ತಿದ್ದವರು ನಮ್ಮ ಮುದ್ರಣಾಲಯ ಬಿಟ್ಟು ತಿಂಗಳಾಯಿತು. ಇಲ್ಲಿನ ಕಂಪ್ಯೂಟರ್ ನೋಡಿಕೊಳ್ಳುವ ನಾನು, ಪುಸ್ತಕಗಳ ಕಡತವಿರುವ ಸರ್ವರ್‌ನಲ್ಲಿ ಅವರ ಖಾತೆಯನ್ನು ವಿಂಡೋಸ್ ಕಡೆ ಮುಚ್ಚಿ, ಅದರಲ್ಲೇ ಇರುವ ಇನ್ನೊಂದು ವ್ಯವಸ್ಥೆ ಲಿನಕ್ಸ್ ಕಡೆ ಮುಚ್ಚಲು ಮರೆತಿದ್ದೆ. ಪಾಸ್‌ವರ್ಡ್ ಗೊತ್ತಿದ್ದ ಮ್ಯಾನೇಜರು ಅದೇ ಹೆಸರಿನಲ್ಲಿ ಒಳಹೊಕ್ಕು, ಕೈತಪ್ಪಿ ಇಡೀ ಪುಸ್ತಕವೊಂದರ ಕಡತವನ್ನೇ ಅಳಿಸಿದ್ದಾರೆ. ಈಗ ಮಾಲೀಕರ ಮುಂದೆ, ಅಕ್ಕನೇ ಹೊಟ್ಟೆಕಿಚ್ಚಿಗೆ ಅಳಿಸಿದಳು ಎನ್ನುತ್ತಾರೆ.

ಯಾರು ಎಲ್ಲಿಂದ ಒಳಹೊಕ್ಕರೆಂಬ ಸರ್ವರ್‌ನ ದಾಖಲೆಯನ್ನು ನಾನು ಮ್ಯಾನೇಜರಿಗೇ ತೋರಿಸಿದೆ. ಅಳಿಸಿದ್ದು ಅವರ ಕಂಪ್ಯೂಟರಿನಿಂದಲೇ.

“ಹೋದೋಳ ಹೆಸರು ತಾನೇ? ನಿಂಗ್ಯಾಕೋ ಉರಿ? ಶಾಲೆ ಬಿಟ್ಟೋನಿಗೆ ಕೆಲಸ ಕೊಟ್ಟಿದ್ದು ಮರೆತ್ಯಾ?”

“ಮರೆತಿದ್ದು ಖಾತೆ ಮುಚ್ಚೋದನ್ನ, ಸಾರ್. ಅದನ್ನೂ ಬರೀತೀನಿ.”

ಇಬ್ಬರ ತಪ್ಪನ್ನೂ ಬರೆದು ಮಾಲೀಕರ ಮೇಜಿನ ಮೇಲಿಟ್ಟು ಬಂದೆ. ನಾಳೆ ನನ್ನನ್ನೂ ಕೆಲಸದಿಂದ ಬಿಡಿಸಿ, ನನ್ನ ಹೆಸರನ್ನೂ ಸರ್ವರ್‌ನಿಂದ ತೆಗೆಯಲು ಹೇಳುತ್ತಾರೆ. ತೆಗೆಯಲು ಬರುವುದು ಆ ಆಫೀಸಿನಲ್ಲಿ ನನಗೊಬ್ಬನಿಗೇ.