ದೋಣಿಯನ್ನು ಮೊದಲ ದಿನಕ್ಕೇ ಬರೆದುಕೊಳ್ಳಿ

ಗುಳೇದಗುಡ್ಡ, ಕ್ರಿ.ಶ. ೨೨೧೪, ಫೆಬ್ರವರಿ ೩೦

ಮೆಡಿಟರೇನಿಯನ್ ದ್ವೀಪಕ್ಕೆ ರಜೆಗೆ ಹೊರಟು, ದಿನಕ್ಕೆ ಎಷ್ಟು ಖರ್ಚಾದೀತೆಂದು ಲೆಕ್ಕ ಹಾಕುತ್ತ ಕುಳಿತಿರುವ, ನನಗಿಂತ ಇನ್ನೂರು ವರ್ಷ ಹಿಂದಿನ ಹಿರಿಯರಿಗೆ ನೀಲಗಂಗವ್ವನ ಶರಣುಗಳು. ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಕ್ಯಾಲೆಂಡರ್ ತಿದ್ದಿ ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ. ನನ್ನ ಕೆಲವು ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮಲ್ಲಿ ಪ್ರವಾಸಕ್ಕೆ ರೊಕ್ಕ ನಡೆಯುವುದಿಲ್ಲ, ‘ದಿನಪಾಲು’ ನಡೆಯುತ್ತದೆ. ಬೆಳಗಾದರೆ ಪ್ರತಿಯೊಬ್ಬರಿಗೂ ಇಷ್ಟು ನೀರು, ಇಷ್ಟು ಬಿಸಿಲಿನ ಕರೆಂಟು ಎಂದು ಅಳೆದು ಕೊಡುತ್ತಾರೆ. ಹಾಸಿಗೆ, ಸ್ನಾನ, ಬಸ್ಸು, ಊಟ ಎಲ್ಲಕ್ಕೂ ಅದರಲ್ಲೇ ಮುರಿದುಕೊಳ್ಳುತ್ತಾರೆ. ಉಳಿಸಿದ್ದು ಮರುದಿನಕ್ಕೆ ಸೇರುತ್ತದೆ, ಮನೆಗೆ ತರುವಂತಿಲ್ಲ. ಇನ್ನೊಂದು ಕಟ್ಟಳೆಯೂ ಉಂಟು: ಒಬ್ಬರಿಗೆ ಒಂದು ಜನ್ಮದಲ್ಲಿ ಒಂದೇ ದೂರಯಾನ. ನೀವು ಬೇಕೆಂದಾಗ ಹಾರಿಹೋಗುತ್ತೀರಂತೆ! ನೆನೆದರೆ ಹೊಟ್ಟೆ ಉರಿಯುತ್ತದೆ.

ನನ್ನ ಚಿಗವ್ವ ನಿಂಬೆವ್ವ, ಅಂದರೆ ಅವ್ವನ ತಂಗಿ, ತನ್ನ ಆ ಒಂದು ಯಾನಕ್ಕೆ ನಿಮ್ಮ ಮೆಡಿಟರೇನಿಯನ್ ಕಡಲಿನದೇ ಗೋಜೋ ದ್ವೀಪವನ್ನು ಆರಿಸಿಕೊಂಡಳು. ಮಗ್ಗದ ಮುಂದೆ ಕೂತೇ ಆಯುಷ್ಯ ಸವೆಸಿದವಳು. ಅಲ್ಲಿನ ಬಂಡೆಗವಿಯೊಳಗಿನ ನೀರಿನ ನೀಲಿಯನ್ನು ಚಿತ್ರದಲ್ಲಿ ನೋಡಿ, ನೂಲಿಗೆ ಅದೇ ಬಣ್ಣ ಹಿಡಿಸಲು ಹೆಣಗಿ ಸೋತಿದ್ದಳು. ಅದನ್ನೊಮ್ಮೆ ಕಣ್ಣಾರೆ ನೋಡಬೇಕೆಂಬುದೇ ಅವಳ ಆಸೆ. ನನ್ನ ಒಂದು ಯಾನವನ್ನೂ ಅದಕ್ಕೇ ಮುಡಿಪಿಟ್ಟು ಜೊತೆಗೆ ಹೊರಟೆ. ಗವಿಗೆ ಹಾಯಿದೋಣಿಯೊಂದೇ ದಾರಿ, ಅದರ ಬಾಡಿಗೆಯೋ ದಿನಪಾಲಿನ ದೊಡ್ಡ ತುತ್ತು.

ಕಡಲಡಿಯ ರೈಲಿನಿಂದ ಇಳಿದ ದಿನವೇ ಹೋಗೋಣ ಎಂದು ಗೋಗರೆದೆ. ಕೇಳಬೇಕಲ್ಲ! “ತಡಿಯವಾ. ಮೊದಲ ಕೂಡಿಡೂದು, ಆಮ್ಯಾಲೆ ಕುಣಿಯೂದು. ಓಣಿ ಮಂದಿಗೆ ಏನರ ಒಯ್ಯಬೇಕು. ಬರಿಗೈಲೆ ಹೋದ್ರ ಏನಂದಾರು?” ಎಂದಳು. ಬಂದರಿನ ಕಟ್ಟೆಯ ಮೇಲೆ ಕೂತು ದಿನವೂ ನಾವು ತಿಂದದ್ದು ಊರಿಂದ ಒಯ್ದ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಪಕ್ಕದ ಅಂಗಡಿಯಿಂದ ಟೊಮೆಟೊ ಹಚ್ಚಿದ ಬ್ರೆಡ್ಡಿನ ವಾಸನೆ ಬರುತ್ತಿದ್ದರೆ ನನಗೆ ಅಳುವೇ ಬರುತ್ತಿತ್ತು. ಮೊಣಕಾಲು ಬಾತರೂ ಅವಳು ಬಸ್ಸು ಹತ್ತಲಿಲ್ಲ, ಮೈ ತಣಿಯುವಷ್ಟು ನೀರು ಹಾಕಿಕೊಳ್ಳಲಿಲ್ಲ.

ಕೊನೆಯ ದಿನ ಓಣಿಗೆಲ್ಲ ಸಾಲುವಷ್ಟು ಉಪ್ಪಿನ ಪೊಟ್ಟಣ ಕಟ್ಟಿಸಿಕೊಂಡಳು. ಇಳಕಲ್ ಸೀರೆ ಉಟ್ಟು, ಮದುವೆಗೆ ಹೊರಟವಳ ಹಾಗೆ ಬಂದರಿಗೆ ಬಂದಳು. ಗಾಳಿ ಎದ್ದಿತ್ತು. ಕೆಂಪು ಬಾವುಟ ಏರಿಸಿ ದೋಣಿಗಳನ್ನೆಲ್ಲ ದಂಡೆಗೆ ಎಳೆದಿದ್ದರು. ನಾಳೆ ಬನ್ನಿ ಎಂದು ಅಂಬಿಗ ಕೈಸನ್ನೆ ಮಾಡಿದ. ಅಯ್ಯೋ, ನಮಗೆ ನಾಳೆ ಎಲ್ಲಿತ್ತು! ಚಿಗವ್ವ ಗವಿಯ ದಿಕ್ಕಿಗೆ ನೋಡುತ್ತ ನಿಂತಳು. ಆಮೇಲೆ ದೋಣಿಗೆಂದು ಉಳಿಸಿದ್ದ ನೀರನ್ನೆಲ್ಲ ಕೊಡಗಳಲ್ಲಿ ಕೇಳಿ ಪಡೆದು, ಕಟ್ಟೆಯ ಬಳಿಯ ಒಣಗಿದ ಅಂಜೂರದ ಬುಡಕ್ಕೆ ಸುರಿದಳು. “ಹಾಳಾಗೂದ್ಯಾಕ, ಈ ಗಿಡಾನರ ಕುಡೀಲಿ,” ಎಂದಳು.

ಊರಿಗೆ ಬಂದ ಮೇಲೆ ಉಪ್ಪು ಹಂಚುವಾಗ ಓಣಿಯವರೆಲ್ಲ ಆ ನೀಲಿ ಹೇಗಿತ್ತೆಂದು ಕೇಳಿದರು. “ದಂಡೀಂದ ಛಂದ ಕಂಡಿತು,” ಎನ್ನುತ್ತಿದ್ದಳು. ಹೋದ ತಿಂಗಳು ತೀರಿಕೊಂಡಳು. ಉಪ್ಪು ಇನ್ನೂ ನಮ್ಮ ಅಡುಗೆಮನೆಯಲ್ಲಿದೆ, ಬಳಸಲು ಕೈ ಬರುವುದಿಲ್ಲ.

ಹಿರಿಯರೇ, ಲೆಕ್ಕ ಹಾಕಿ, ಬೇಡವೆನ್ನುವುದಿಲ್ಲ. ಯಾವುದಕ್ಕಾಗಿ ಅಷ್ಟು ದೂರ ಹೋಗುತ್ತೀರೋ ಅದನ್ನು ಮಾತ್ರ ಕೊನೆಗೆ ಇಡಬೇಡಿ. ಗವಿಯೊಳಗೆ ಹೋದಾಗ ನಿಂಬೆವ್ವನ ಹೆಸರೊಮ್ಮೆ ಹೇಳಿ. ಖಡಕ್ ರೊಟ್ಟಿ ಕೆಡುವುದಿಲ್ಲ, ಮನೆಗೆ ಬಂದು ತಿನ್ನಿ.