ಚಿಕ್ಕಮ್ಮನ ಕೆನ್ನೆಗೆ ಬೂದು ಶಾಯಿ

ಮಾರ್ಚ್ ೧೪, ಶುಕ್ರವಾರ.

ಯಾವ ಪ್ರಿಂಟರ್ ಕೊಳ್ಳುವುದು ಎಂಬುದು ಇವತ್ತು ಬಗೆಹರಿಯಿತು, ನನ್ನ ಪಟ್ಟಿನಂತೆ ಅಲ್ಲ. ನಾನು ತೆಗೆದ ಇಸ್ತ್ರಿ ಕೆಲಸಗಾರರ ಫೋಟೊಗಳು ಭಾನುವಾರ ಅವರ ಸಂಘದ ಗೋಡೆಗೆ ಏರಬೇಕು. ಕಪ್ಪು ಶಾಯಿ ಒಂದೇ ಸಾಕು, ಉಳಿದದ್ದು ಕಾಗದದ ಬಿಳುಪು ಎಂದುಕೊಂಡಿದ್ದೆ. ಬೂದು ಎಂದರೆ ರಾಜಿ ಎಂದು ಪ್ರದರ್ಶನದ ಕರಪತ್ರದಲ್ಲಿ ಬರೆದವಳೂ ನಾನೇ.

ಪ್ರಿಂಟರ್ ಅಂಗಡಿಯವರು, ಇಸ್ತ್ರಿ ಕೆಲಸದವರೇ ಆದ ನನ್ನ ಚಿಕ್ಕಮ್ಮನ ಫೋಟೊವನ್ನು ಎರಡು ಯಂತ್ರಗಳಲ್ಲಿ ಮುದ್ರಿಸಿಕೊಟ್ಟರು. ಒಂದರಲ್ಲಿ ಬರೀ ಕಪ್ಪು, ಇನ್ನೊಂದರಲ್ಲಿ ಕಪ್ಪಿನ ಜೊತೆ ಎರಡು ಬಗೆಯ ಬೂದು. ಸಂಜೆ ಎರಡನ್ನೂ ಚಿಕ್ಕಮ್ಮನ ಇಸ್ತ್ರಿ ಮೇಜಿನ ಮೇಲಿಟ್ಟೆ. ಬರೀ ಕಪ್ಪಿನದನ್ನು ಅವರು ಕಣ್ಣಿನ ಹತ್ತಿರ ಹಿಡಿದರು.

"ನನಗೆ ದಡಾರ ಯಾವಾಗ ಎದ್ದಿತ್ತಮ್ಮಾ?"

"ಅದು ಶಾಯಿ ಚುಕ್ಕೆ, ಚಿಕ್ಕಮ್ಮ. ದೂರದಿಂದ ಕಾಣಲ್ಲ."

"ದೂರ ನಿಂತು ನೋಡೋರಿಗೆ ನನ್ನ ಮುಖ ಯಾಕೆ? ಇದನ್ನ ಹಾಕಿದ್ರೆ ನಾನು ಆ ಕಡೆ ತಲೆ ಹಾಕಲ್ಲ."

ಬೂದು ಶಾಯಿಯದರಲ್ಲಿ ಕೆನ್ನೆಯ ಮೇಲೆ ಬೆವರಿನ ತೆಳು ಹೊಳಪಿತ್ತು. ನಾನು ಫೋಟೊ ತೆಗೆದದ್ದೇ ಅದಕ್ಕಾಗಿ. ನಾಳೆ ಆ ಯಂತ್ರವನ್ನೇ ತರುತ್ತೇನೆ. ಕರಪತ್ರದ ಆ ಸಾಲನ್ನು ಹೊಡೆದುಹಾಕಬೇಕು. ಆದರೆ ಪ್ರತಿಗಳೆಲ್ಲ ಆಗಲೇ ಹಂಚಿಯಾಗಿವೆ. ಚಿಕ್ಕಮ್ಮನಿಗೆ ಕೊಟ್ಟದ್ದರ ಮೇಲೆ ಇಸ್ತ್ರಿಪೆಟ್ಟಿಗೆಯ ಕಂದು ಗುರುತು ಬಿದ್ದಿತ್ತು, ಸರಿಯಾಗಿ ಆ ಸಾಲಿನ ಮೇಲೇ.