ಕುದಿಸಿದ ತಂತಿ

ಶಂಕರಪುರ, ಜನವರಿ ೧೯೮೩

ಕಜೆಟನ್,

ನಿನ್ನ ಕುವೈತ್ ವಿಳಾಸ ನಿನ್ನ ಅಮ್ಮನ ಬಳಿ ಉಂಟು. ಕೇಳುವ ಮುಖ ನನಗಿಲ್ಲ. "ಈ ಮಂಕು ಹಳೇ ತಂತಿ ಬದಲಿಸು, ಇಲ್ಲವೇ ಬ್ಯಾಂಡ್ ಬಿಡು" ಎಂದು ಎಲ್ಲರೆದುರು ಅಂದವನು ನಾನೇ. ನೀನು ಬೇಸ್ ಗಿಟಾರನ್ನು ನನ್ನ ಗೋಡೆಗೊರಗಿಸಿ ಹೋದೆ.

ಇವತ್ತು ಕಾಪು ಪೇಟೆಯ ಒಂದು ಮದುವೆಯಲ್ಲಿ ಬಾರಿಸಲೆಂದು ನಿನ್ನ ಗಿಟಾರಿಗೆ ಬೊಂಬಾಯಿಯ ಹೊಸ ತಂತಿ ಹಾಕಿದೆ. ಹಳೆಯದನ್ನು ಬಿಚ್ಚುವ ತಾಳ್ಮೆಯಿಲ್ಲದೆ ಇಕ್ಕಳದಿಂದ ಕತ್ತರಿಸಿದೆ. ಮೊದಲ ಹಾಡು ಮುಗಿಸಿ ನಮ್ಮ ಹಾಡುಗಾರ್ತಿ ವೆರೊನಿಕಾ ಮೆಲ್ಲಗೆ ಹೇಳಿದಳು: "ಎಂತ ಮಾರಾಯ, ಬರೀ ಕಿಣಿಕಿಣಿ. ಕಜೆಟನ್ ಬಾರಿಸುವಾಗ ನನ್ನ ಸ್ವರಕ್ಕೆ ಒರಗಲಿಕ್ಕೆ ಜಾಗ ಇತ್ತು."

ಮನೆಗೆ ಬಂದವನೇ ಕಸದಿಂದ ನಿನ್ನ ತಂತಿಗಳನ್ನು ಹೆಕ್ಕಿದೆ. ನೀನು ಪ್ರತಿ ಮಳೆಗಾಲ ಅವನ್ನು ಬಿಚ್ಚಿ, ಜಿಡ್ಡು ಹೋಗಲೆಂದು ಗಂಜಿಯ ಪಾತ್ರೆಯಲ್ಲಿ ನೀರಿಟ್ಟು ಕುದಿಸಿ, ಒರೆಸಿ, ಮತ್ತೆ ಕಟ್ಟುತ್ತಿದ್ದೆ. ನಾನೂ ಕುದಿಸಿದೆ, ಒರೆಸಿದೆ. ನಾಲ್ಕು ತಂತಿಯ, ಮತ್ತೆ ಕಟ್ಟಲು ಉದ್ದ ಸಾಲದ ಎಂಟು ತುಂಡುಗಳು ಈಗ ಮೇಜಿನ ಮೇಲೆ ಹೊಳೆಯುತ್ತಿವೆ.